ಮೊದಲ ಈಡು

ಮೊನ್ನೆ ಬಿಸಿಲು ಚೆನ್ನಾಗಿತ್ತು ಅಂತ ಟ್ರಂಕಿನ ತಳದಲ್ಲಿದ್ದ, ತೋಟದಾಳುಗಳ ಹಾಜರಿಯ ಹಳೇ ಚೆಕ್‌ರೋಲ್ ಪುಸ್ತಕಗಳನ್ನು ಅಂಗಳಕ್ಕೆ ಹಾಕಿದೆ. ಒಂದರ ನಡುವಿನಿಂದ ಅಂಗೈ ಅಗಲದ ರಟ್ಟಿನ ಚೀಟಿ ಜಾರಿ ಬಿತ್ತು. ಅದರ ಮೇಲೆ ಗುರಿ ಹೊಡೆಯುವ ಕಪ್ಪು ವೃತ್ತಗಳು. ನಡುವೆ ನಾಲ್ಕು ತೂತು, ಒಂದಕ್ಕೊಂದು ತಾಗಿಕೊಂಡು. ಒಂದು ಹಲಸಿನ ಬೀಜ ಇಟ್ಟರೆ ನಾಲ್ಕೂ ಮುಚ್ಚಿಹೋಗುತ್ತವೆ. ಇನ್ನೊಂದು ಮಾತ್ರ ಕೆಳಗೆ, ಎಡಕ್ಕೆ, ಎರಡು ಬೆರಳು ದೂರ. ಪ್ರತಿ ತೂತಿನ ಪಕ್ಕ ಪೆನ್ಸಿಲಿನ ಗೀಟುಗಳು.

ಮೂಸಿ ನೋಡಿದೆ. ಇಷ್ಟು ವರ್ಷದ ಮೇಲೆ ಕೋವಿ ಎಣ್ಣೆಯ ವಾಸನೆ ಇರೋದಕ್ಕೆ ಸಾಧ್ಯವಾ ಹೇಳಿ? ಆದರೂ ನನ್ನ ಮೂಗಿಗೆ ಬಂತು. ಜಗಲಿ ಮೇಲೆ ಅಕ್ಕಿ ಆರಿಸುತ್ತಿದ್ದ ನನ್ನಾಕೆ "ಏನ್ರೀ ಅದು?" ಅಂದಳು. "ಎಂಥದೂ ಇಲ್ಲ, ಹಳೇ ಚೀಟಿ" ಅಂತ ಜೇಬಿಗೆ ಹಾಕಿಕೊಂಡೆ. ಅವತ್ತೂ ಹೀಗೇ ಜೇಬಿಗೆ ಹಾಕಿಕೊಂಡಿದ್ದೆ.

ಅದು ಬ್ರಿಟಿಷರ ಕಾಲ. ಗೋಣಿಬೀಡಿನಿಂದ ಎರಡು ಮೈಲಿ ಮೇಲಿದ್ದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕ ಬರೆಯುವ ರೈಟರ್. ವಯಸ್ಸು ಇಪ್ಪತ್ನಾಲ್ಕು. ಎಸ್ಟೇಟಿನ ಯಜಮಾನ ಬಿಳಿ ದೊರೆ. ಕೆಟ್ಟವರಲ್ಲ, ಆದರೆ ಒಂದು ತಪ್ಪಿಗೆ ಎರಡನೇ ಮಾತಿಲ್ಲ. ನನಗಿಂತ ಹಿಂದಿದ್ದ ರೈಟರು ಕಣದ ಮೇಲೆ ಒಣಗಲು ಹಾಕಿದ್ದ ಪಾರ್ಚ್‌ಮೆಂಟ್ ಕಾಫಿಬೀಜವನ್ನು ಒಂದು ಮಧ್ಯಾಹ್ನ ಮಳೆಗೆ ನೆನೆಯಲು ಬಿಟ್ಟರಂತೆ. ಸಂಜೆಯೊಳಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು, ಪಾತ್ರೆ ಪಡಗ ಹೊತ್ತುಕೊಂಡು ಗೇಟು ದಾಟಿದರಂತೆ. ಆ ಕಥೆಯನ್ನು ನನಗೆ ಕೆಲಸಕ್ಕೆ ಸೇರಿದ ದಿನವೇ ಮೇಸ್ತ್ರಿ ಹೇಳಿದ್ದ.

ಗೋಣಿಬೀಡಿನ ರಸ್ತೆ ಬದಿಯಲ್ಲಿ ಆಚಾರ್ರ ಕುಲುಮೆ. ಕತ್ತಿ, ಗುದ್ದಲಿ ಬಡಿಯುವುದು ಎಲ್ಲ ಆಚಾರಿಗಳೂ ಮಾಡುವ ಕೆಲಸ. ಇವರ ಹೆಸರಿದ್ದದ್ದು ಕೋವಿಯಲ್ಲಿ. ಮಳೆಗಾಲ ಕಳೆದರೆ ಸಾಕು, ಸುತ್ತಿನ ಊರುಗಳ ಕೋವಿಗಳೆಲ್ಲ ಬಂದು ಅವರ ಗೋಡೆಗೆ ಒರಗಿ ನಿಲ್ಲುತ್ತಿದ್ದವು. ಕೋವಿ ರಿಪೇರಿಗೆ ಸರ್ಕಾರದ ಲೈಸೆನ್ಸ್ ಬೇಕು. ಅದಕ್ಕೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ್ದರು. ಅರವತ್ತು ದಾಟಿದ ಮನುಷ್ಯ, ಓದು ಬರಹ ಬಾರದು, ಆದರೆ ಬಂದವರಿಗೆಲ್ಲ ಆ ಕಾಗದ ತೋರಿಸುತ್ತಿದ್ದರು. ವರ್ಷ ವರ್ಷ ಅದು ಹೊಸದಾಗಬೇಕು. ಹೊಸದಾಗಬೇಕಾದರೆ ನಮ್ಮ ದೊರೆ ಶಿಫಾರಸು ಬರೆದುಕೊಡಬೇಕು.

ದೊರೆಯ ಹತ್ತಿರ ಗುರಿ ಪಂದ್ಯದ ಒಂದು ರೈಫಲ್ ಇತ್ತು. ನಮ್ಮ ಕಡೆಯ ಕೋವಿಯ ಹಾಗಲ್ಲ. ಐದು ಈಡು, ಅಂದರೆ ತೋಟಾ, ಒಟ್ಟಿಗೆ ಹಾಕಿ, ಅಗುಳಿಯಂಥ ಬೋಲ್ಟ್ ಎಳೆದು ಮೊದಲನೆಯದನ್ನು ನಾವು ಒಳಗೆ ಕೂರಿಸಿದರೆ ಸಾಕು. ಅದು ಹಾರಿದ ಮೇಲೆ ಉಳಿದದ್ದನ್ನು ರೈಫಲ್ಲು ತಾನೇ ಒಂದೊಂದಾಗಿ ತುಂಬಿಕೊಳ್ಳುತ್ತಿತ್ತು. ಪಂದ್ಯದಲ್ಲಿ ಗುರಿಯಿಡಲು ಬೋರಲು ಮಲಗಿದ ದೊರೆಗೆ ರೈಫಲ್ ತುಂಬಿ ಕೈಗೆ ಕೊಡುವುದು ಮೊದಲೆಲ್ಲ ಬಟ್ಲರನ ಕೆಲಸವಾಗಿತ್ತು. ಅವನು ಊರಿಗೆ ಹೋದ ಮೇಲೆ ಅದು ನನ್ನ ಪಾಲಿಗೆ ಬಂತು. ನನಗೋ ಹೆಮ್ಮೆ. ಬೇಟೆಗಾರನ ಮಗ ನಾನು, ಕೋವಿ ಹಿಡಿಯೋದು ಇನ್ನೊಬ್ಬರು ಹೇಳಿಕೊಡಬೇಕಾ ಅನ್ನುವ ಜಂಬ. ಸರಿಸುಮಾರು ಅದೇ ದಿನಗಳಲ್ಲಿ ಆಚಾರ್ರು ಆ ರೈಫಲ್ಲಿನ ಸೋತ ಸ್ಪ್ರಿಂಗ್ ತೆಗೆದು ಹೊಸದು ಹಾಕಿದ್ದರು.

ಆಮೇಲೆ ಶುರುವಾಯಿತು ಅದರ ಹುಚ್ಚಾಟ. ಒಂದು ದಿನ ಐದೂ ಈಡು ಒಂದೇ ಕಡೆ. ಇನ್ನೊಂದು ದಿನ ನಾಲ್ಕು ಒಂದು ಕಡೆ, ಒಂದು ಎಲ್ಲೋ. ಆ ವರ್ಷದ ಪಂದ್ಯವನ್ನು ದೊರೆ ಸೋತರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಆಳುಗಳು ಹಿಂದಿನಿಂದ ನಕ್ಕರು, ನಾನೂ ನಕ್ಕೆ. ಮರುವರ್ಷದ ಪಂದ್ಯ ಶನಿವಾರ ಅನ್ನುವಾಗ ದೊರೆ ಮಂಗಳವಾರ ಆಚಾರ್ರನ್ನು ಬಂಗಲೆಗೆ ಕರೆಸಿದರು. ದೋಷ ಏನು ಅಂತ ಶುಕ್ರವಾರದೊಳಗೆ ಹೇಳಬೇಕು. ಆ ಸ್ಪ್ರಿಂಗಿನದ್ದೇ ದೋಷವಾದರೆ ಈ ಸಲ ಲೈಸೆನ್ಸಿಗೆ ಬರೆಯುವುದಿಲ್ಲ ಅಂತ ಅವರ ಮುರುಕು ಕನ್ನಡದಲ್ಲೇ ಹೇಳಿದರು. ಆಚಾರ್ರು ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡು "ಆಗ್ಲಿ ದೊರೆ" ಅಂದರು. ಜೊತೆಗಿದ್ದು ರೈಫಲ್ ತುಂಬಿಕೊಡಲು ನನಗೆ ಅಪ್ಪಣೆಯಾಯಿತು.

ಕಾಫಿ ಒಣಗಿಸುವ ಕಣದ ತುದಿಯಲ್ಲಿ ಅರ್ಧ ಚೀಲ ಪಾರ್ಚ್‌ಮೆಂಟ್ ಇಟ್ಟು ಅದರ ಮೇಲೆ ರೈಫಲ್ ಒರಗಿಸಿದರು. ಎದುರಿನ ಮಣ್ಣಿನ ಧರೆಗೆ ಚೀಟಿ ಸಿಕ್ಕಿಸಿದರು. ಮೊದಲ ದಿನ ಸ್ಕ್ರೂ ಒಂದೊಂದನ್ನೂ ತಿರುಗಿಸಿ ನೋಡಿದರು. ಒಂದು ಸಡಿಲವಿತ್ತು, ಬಿಗಿ ಮಾಡಿದರು. ನಳಿಗೆಯ ಬಾಯಿಯ ಅಂಚಿನಲ್ಲಿ ಮುಳ್ಳೆದ್ದಿದೆಯೋ ಅಂತ ಹತ್ತಿಯ ಎಳೆಯನ್ನು ಸುತ್ತ ಆಡಿಸಿದರು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಮಳೆಗಾಲದಲ್ಲಿ ಮರ ಉಬ್ಬಿ ನಳಿಗೆಗೆ ಒತ್ತಿದೆಯೋ ಅಂತ ನಡುವೆ ತೆಳು ಕಾಗದ ತೂರಿಸಿ ಕೊನೆಯವರೆಗೂ ಎಳೆದರು. ಅದೂ ಸಲೀಸು. ಪ್ರತಿ ಸಲವೂ ನಾನು ತುಂಬಿಕೊಟ್ಟೆ, ಅವರು ಹೊಡೆದರು, ಒಂದು ಈಡು ಗುಂಪಿನಿಂದ ಹೊರಗೆ ಹೋಯಿತು.

ಎರಡನೇ ದಿನ ನಳಿಗೆ ತಿಕ್ಕಿದರು, ಬೇರೆ ಪೆಟ್ಟಿಗೆಯ ಈಡು ಹಾಕಿ ನೋಡಿದರು. ಕಡೆಗೆ ತಾವೇ ಹಾಕಿದ ಸ್ಪ್ರಿಂಗ್ ಹೊರತೆಗೆದು ಅಂಗೈಯಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಕೂತರು... ಅವರು ಕೂತಿದ್ದ ರೀತಿ ಈಗಲೂ ನನ್ನ ಕಣ್ಣ ಮುಂದಿದೆ. ಸ್ಪ್ರಿಂಗ್ ಸರಿಯಾಗಿಯೇ ಇತ್ತು. ನಾನು ತಂದಿಟ್ಟ ಕಾಫಿ ಮುಟ್ಟದೆ ಅದನ್ನೇ ಮತ್ತೆ ಮತ್ತೆ ಒತ್ತಿ ನೋಡಿದರು. ನನಗೆ ಅಯ್ಯೋ ಅನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಬರೀ ಅಯ್ಯೋ ಅನ್ನುವುದು ಸುಲಭ.

ಶುಕ್ರವಾರ ಮಧ್ಯಾಹ್ನ ಬೇರೆ ದಾರಿ ಹಿಡಿದರು. ಐದನ್ನೂ ಒಟ್ಟಿಗೆ ಹೊಡೆಯಲಿಲ್ಲ. ಒಂದು ಹೊಡೆಯುವುದು, ಧರೆಯವರೆಗೆ ನಡೆಯುವುದು, ಆ ತೂತಿನ ಪಕ್ಕ ಒಂದು ಗೀಟು ಎಳೆಯುವುದು. ತಿರುಗಿ ಬಂದು ಇನ್ನೊಂದು ಹೊಡೆಯುವುದು, ಹೋಗಿ ಎರಡು ಗೀಟು. ಹೀಗೆ ಐದು. ಆ ವಯಸ್ಸಿನಲ್ಲಿ ಆ ಬಿಸಿಲಿನಲ್ಲಿ ಎಷ್ಟು ಸಲ ಹೋಗಿ ಬಂದರೋ... ನಾಲ್ಕು ಚೀಟಿ ಮುಗಿದವು. ನಾಲ್ಕನ್ನೂ ಕಣದ ಮೇಲೆ ಸಾಲಾಗಿ ಹರವಿ ಕುಕ್ಕರಗಾಲಲ್ಲಿ ಕೂತರು. ನಾನೂ ಬಗ್ಗಿ ನೋಡಿದೆ. ನಾಲ್ಕರಲ್ಲೂ ಹೊರಗೆ ಬಿದ್ದ ತೂತಿನ ಪಕ್ಕ ಇದ್ದದ್ದು ಒಂದೇ ಗೀಟು.

"ಉಳಿದ ನಾಕನ್ನ ಅದು ತಾನೇ ತುಂಬ್ಕೊಳ್ತದೆ ರೈಟ್ರೇ," ಅಂದರು, ಚೀಟಿಯಿಂದ ಕಣ್ಣು ತೆಗೆಯದೆ. "ಮೊದಲನೇದನ್ನ ತುಂಬೋದು ಯಾರು?"

"ನಾನು," ಅಂದೆ.

"ಇನ್ನೊಂದು ಸಲ ತುಂಬಿ. ಯಾವಾಗ್ಲೂ ಹೆಂಗೋ ಹಂಗೇ."

ತುಂಬಿದೆ. ಅವರು ರೈಫಲ್ ನೋಡಲಿಲ್ಲ, ನನ್ನ ಹೆಬ್ಬೆರಳು ನೋಡಿದರು. ನಾನು ಬೋಲ್ಟನ್ನು ಹಿಂದಕ್ಕೆಳೆದು, ಬಿಡದೆ, ಹೆಬ್ಬೆರಳಿನಲ್ಲಿ ತಡೆದುಕೊಂಡು ಮೆಲ್ಲಗೆ ಮುಂದಕ್ಕೆ ಕೂರಿಸುತ್ತಿದ್ದೆ. ಬಾಳೂರು ಕಡೆ ಕಾಡಿನಲ್ಲಿ ನನ್ನಪ್ಪ ಕಲಿಸಿದ್ದು ಅದು. ಮರದ ಮೇಲೆ ಮರಸು ಕೂತು ಹಂದಿಗೆ ಕಾಯುವಾಗ ಕೋವಿ ಖಟ್ ಅಂದರೆ ಮುಗೀತು, ಹಂದಿ ಆ ದಿಕ್ಕಿಗೇ ಬರುವುದಿಲ್ಲ. ಸದ್ದು ಮಾಡುವವನು ಬೇಟೆಗಾರನೇ ಅಲ್ಲ ಅನ್ನುತ್ತಿದ್ದರು ಅಪ್ಪ. ಯಾವ ಕೋವಿಯಾದರೂ ಸರಿ, ನನ್ನ ಕೈ ತಂತಾನೇ ಹಾಗೆ ಮಾಡುತ್ತಿತ್ತು.

ಆಚಾರ್ರು ನನ್ನ ಕೈಯಿಂದ ರೈಫಲ್ ತೆಗೆದುಕೊಂಡರು. ತುಂಬಿದ್ದನ್ನು ಹೊರಹಾಕಿ, ಬೋಲ್ಟ್ ಎಳೆದು ಸುಮ್ಮನೆ ಬಿಟ್ಟರು. ಸ್ಪ್ರಿಂಗ್ ಅದನ್ನು ಖಟ್ ಅಂತ ಮುಂದಕ್ಕೆ ಹೊಡೆಯಿತು. ಐದು ಈಡು ಹೊಡೆದರು. ಐದೂ ಒಂದೇ ಕಡೆ. ಮತ್ತೆ ನನ್ನ ಕೈಗೆ ಕೊಟ್ಟರು, ನಾನು ನನ್ನ ರೀತಿ ತುಂಬಿದೆ, ಮೊದಲನೆಯದು ಹೊರಗೆ. ಮತ್ತೆ ಅವರು, ಐದೂ ಒಳಗೆ. ಮೆಲ್ಲಗೆ ಕೂರಿಸಿದ ಈಡು ಪೂರ್ತಿ ಒಳಗೆ ಕೂರದೆ ಹಾರುತ್ತಿತ್ತು, ಅಷ್ಟೇ. ದೊರೆ ಒಬ್ಬರೇ ಹೊಡೆದುಕೊಂಡ ದಿನ ಎಲ್ಲ ಸರಿಯಿರುತ್ತಿತ್ತು, ನಾನು ತುಂಬಿಕೊಟ್ಟ ದಿನ ಕೆಡುತ್ತಿತ್ತು. ಒಂದು ವರ್ಷ ಆ ಮನುಷ್ಯನ ತಲೆ ಮೇಲೆ ಕೂತಿದ್ದ ಅಪವಾದ ನನ್ನ ಹೆಬ್ಬೆರಳಿನದ್ದು.

ಕ್ವಾರ್ಟರ್ಸಿನಲ್ಲಿ ಹೆಂಡತಿ ಹೆತ್ತು ಒಂಬತ್ತು ದಿನ. ಹಿಂದಿನ ರೈಟರು ಗೇಟು ದಾಟಿದ ಕಥೆ ತಲೆಯೊಳಗೆ ಓಡಿತು. ಆಚಾರ್ರು ಗೀಟು ಹಾಕಿದ್ದ ನಾಲ್ಕು ಚೀಟಿಗಳಲ್ಲಿ ಮೂರನ್ನು ಹರಿದು ಹಾಕಿದರು. ಒಂದನ್ನು ನನ್ನ ಕೈಗೆ ಕೊಟ್ಟರು. "ಇದು ನಿಮ್ಮ ಹತ್ರ ಇರ್ಲಿ. ತೋರ್ಸೋದು ಬಿಡೋದು ನಿಮಗೆ ಬಿಟ್ಟಿದ್ದು," ಅಂದರು. ದೊರೆ ಚೀಟಿ ನೋಡಿದ್ದರೆ ಮರುಮಾತಿಲ್ಲದೆ ನಂಬುತ್ತಿದ್ದರು. ನಾನದನ್ನು ಅಂಗಿ ಜೇಬಿಗೆ ಹಾಕಿಕೊಂಡೆ.

ಬಂಗಲೆಯ ಜಗಲಿಯಲ್ಲಿ ದೊರೆ ಕೇಳಿದರು, ದೋಷ ಏನು ಅಂತ. ಆಚಾರ್ರು ಬಗ್ಗಿ ತಮ್ಮ ಸಾಮಾನಿನ ಗಂಟಿನ ಹಗ್ಗ ಕಟ್ಟಿದರು. ಕಟ್ಟಿದ್ದನ್ನು ಬಿಚ್ಚಿದರು. ಮತ್ತೆ ಕಟ್ಟಿದರು. ನನಗೆ ಗೊತ್ತಾಯಿತು, ಅವರು ನನಗಾಗಿ ಕಾಯುತ್ತಿದ್ದಾರೆ. ಬಾಯಿ ತೆರೆದರೆ ಎರಡು ಮಾತು. ಜೇಬಿಗೆ ಕೈ ಹಾಕಿದರೆ ಅದೂ ಬೇಡ. ನಾನು ನೆಲದ ಕೆಂಪು ಗಾರೆ ನೋಡುತ್ತಾ ನಿಂತೆ. ದೊರೆ ಇನ್ನೊಂದು ಸಲ ಕೇಳಿದರು. ಆಚಾರ್ರು ಎದ್ದು ನಿಂತು, "ನಂದೇ ತಪ್ಪು ದೊರೆ. ಸ್ಪ್ರಿಂಗ್ ಹಾಕ್ವಾಗ ಸರಿ ನೋಡ್ಲಿಲ್ಲ. ಈಗ ಸರಿ ಮಾಡಿದೀನಿ," ಅಂದರು.

ಗೇಟಿನ ಹತ್ತಿರ ಓಡಿಹೋಗಿ ಹಿಡಿದೆ. ಯಾಕೆ ಹಾಗೆ ಹೇಳಿದಿರಿ ಅಂದೆ. ಎಂಥಾ ಪ್ರಶ್ನೆ ನೋಡಿ, ಉತ್ತರ ನನ್ನ ಜೇಬಿನಲ್ಲೇ ಇಟ್ಟುಕೊಂಡು. ಅದುವರೆಗೆ ಒಂದು ದಿನವೂ ನನ್ನನ್ನು ಏಕವಚನದಲ್ಲಿ ಕರೆದವರಲ್ಲ ಅವರು.

"ನಂಗೆ ಕತ್ತಿ ಬಡಿಯಕ್ಕಾದ್ರೂ ಬರ್ತದೆ ಮಾರಾಯ. ನೀನು ಹಸಿ ಬಾಣಂತಿನ ಕಟ್ಕೊಂಡು ಎಲ್ಲಿಗೆ ಹೋಗ್ತೀಯ?" ಅಂದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ನಾಳೆ ಬೋಲ್ಟ್ ಹಿಡೀಬೇಡ, ಬಿಟ್ಬಿಡು," ಅಂದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಶನಿವಾರ ನಾನು ಬೋಲ್ಟ್ ಬಿಟ್ಟುಬಿಟ್ಟೆ. ದೊರೆ ಪಂದ್ಯದ ಕಪ್ ಗೆದ್ದರು, ಬೆನ್ನು ತಟ್ಟಿದರು. ಸೋಮವಾರ ಬೆಳಿಗ್ಗೆ ಆಫೀಸಿಗೆ ಕರೆದು ಅಮಲ್ದಾರರ ಕಚೇರಿಗೆ ಕನ್ನಡದಲ್ಲಿ ಒಂದು ಕಾಗದ ಬರೆಯಲು ಹೇಳಿದರು. ಇಂಥ ಆಚಾರಿಗೆ ಕೋವಿ ಕೆಲಸ ಸರಿಯಾಗಿ ಬಾರದು, ಈ ಸಲ ಲೈಸೆನ್ಸ್ ಕೊಡುವುದು ತಕ್ಕದ್ದಲ್ಲ ಅಂತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಆ ಬರೆ ಎಳೆದ ಕೈಯೂ ನನ್ನದೇ. ಅಕ್ಷರ ದುಂಡಗಿದೆ ಅಂತ ಅವತ್ತು ದೊರೆ ಹೊಗಳಿದರು.

ತಿಂಗಳು ಕಳೆದ ಮೇಲೆ ಒಂದು ಸಂಜೆ ಆಚಾರ್ರು ಎರಡು ಮೈಲಿ ಏರು ಹತ್ತಿ ನಮ್ಮ ಕ್ವಾರ್ಟರ್ಸಿಗೆ ಬಂದರು. ಕಿಟಕಿಯಿಂದ ಕಂಡ ಕೂಡಲೇ ನಾನು ಒಳಕೋಣೆಗೆ ಹೋದೆ. ತೋಟಕ್ಕೆ ಹೋಗಿದಾರೆ ಅಂತ ಹೇಳು ಅಂದೆ ಹೆಂಡತಿಗೆ. ಮಗುವಿನ ತೊಟ್ಟಿಲಲ್ಲಿ ಕಬ್ಬಿಣ ಇಟ್ಟರೆ ಬೆಚ್ಚಿ ಬೀಳುವುದಿಲ್ಲ ಅಂತ ನಮ್ಮಲ್ಲಿ ಪದ್ಧತಿ. ಗೇಣಿಗಿಂತ ಚಿಕ್ಕ ಒಂದು ಕತ್ತಿ, ಅಂಚು ಮೊಂಡು ಮಾಡಿದ್ದು, ಆಚಾರ್ರು ಅವಳ ಕೈಗೆ ಕೊಟ್ಟು ಜಗಲಿಯಿಂದಲೇ ಹೋದರು. ಬಾಗಿಲ ಹಿಂದೆ ನಾನು ನಿಂತಿದ್ದೆ. ಕೋವಿ ಕೆಡಿಸಿದ ನಾಚಿಕೆಗೆ ಪಾಪ ಒಳಗೇ ಬರಲಿಲ್ಲ ಅಂದಳು ನನ್ನಾಕೆ. ನಾನು ತೊಟ್ಟಿಲು ತೂಗುತ್ತಾ ಕೂತೆ.

ಆ ಮೇಲೆ ಗೋಣಿಬೀಡಿನ ಆ ಗೋಡೆಗೆ ಕೋವಿಗಳು ಒರಗಲಿಲ್ಲ. ಕಟ್ಟು ಹಾಕಿಸಿದ್ದ ಕಾಗದ ಇದ್ದ ಜಾಗದಲ್ಲಿ ಒಂದು ಬಿಳಿ ಚೌಕ ಉಳಿದಿತ್ತು. ರಸ್ತೆಯಲ್ಲಿ ಸಿಕ್ಕರೆ "ಮಗು ಹೆಂಗಿದೆ?" ಅಂತಷ್ಟೇ ಕೇಳುತ್ತಿದ್ದರು. ಮೂರನೇ ಮಳೆಗಾಲದಲ್ಲಿ ತೀರಿಕೊಂಡರು ಅಂತ ಸಂತೆಯಲ್ಲಿ ಯಾರೋ ಹೇಳಿದರು. ಹೋಗಬೇಕಿತ್ತು, ಹೋಗಲಿಲ್ಲ... ಈಗ ಅಲ್ಲಿ ಸೈಕಲ್ ಶಾಪು. ಹೇಳಿಕೊಳ್ಳೋಣ ಅಂದರೆ ಅವರ ಪೈಕಿ ಯಾರೂ ಉಳಿದಿಲ್ಲ.

ಆ ಕತ್ತಿ ನಮ್ಮ ಮನೆಯಲ್ಲಿ ಐದು ಮಕ್ಕಳ ತೊಟ್ಟಿಲು ಕಂಡಿದೆ, ಮೊಮ್ಮಕ್ಕಳದ್ದೂ ಕಂಡಿದೆ. ಪ್ರತಿ ಸಲ ಅದನ್ನು ಪೆಟ್ಟಿಗೆಯಿಂದ ತೆಗೆಯುವಾಗ ನನ್ನಾಕೆ ಒಂದೇ ಮಾತು ಹೇಳುತ್ತಾಳೆ: ಒಳ್ಳೇ ಮನುಷ್ಯ, ಕಡೆಗಾಲದಲ್ಲಿ ಕೈ ತಪ್ಪಿ ಹೆಸರು ಕೆಡಿಸಿಕೊಂಡ. ಮಕ್ಕಳಿಗೂ ಅದೇ ಹೇಳಿದಳು, ಸೊಸೆಯಂದಿರಿಗೂ ಅದೇ.

ಮೊನ್ನೆ ಸಂಜೆ ತಡೆಯಲಾಗದೆ ಚೀಟಿ ತೆಗೆದು ಅವಳ ಕೈಗಿಟ್ಟೆ. ಎಲ್ಲ ಹೇಳಿದೆ. ಮರಸಿನ ಅಭ್ಯಾಸ, ನನ್ನ ಹೆಬ್ಬೆರಳು, ಸೋಮವಾರದ ಕಾಗದ, ಬಾಗಿಲ ಹಿಂದೆ ನಿಂತದ್ದು. ಅವಳು ಒಂಟಿ ಗೀಟಿನ ಆ ತೂತನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ.

"ನೀವು ಹೇಳದೆ ಇದ್ದಿದ್ದು ಒಂದು ಕಡೆ ಇರ್ಲಿ," ಅಂದಳು. "ಇಷ್ಟು ವರ್ಷ ಅವ್ರ ಹೆಸ್ರನ್ನ ನನ್ನ ಬಾಯಿಂದ ಕೆಡಿಸಿದ್ರಲ್ಲ."

ಎದ್ದು ಒಳಗೆ ಹೋದಳು. ಪೆಟ್ಟಿಗೆ ತೆರೆದ ಸದ್ದಾಯಿತು. ಚೀಟಿಯನ್ನು ಆ ಕತ್ತಿಯ ಜೊತೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾಳೆ. ಅವತ್ತಿನಿಂದ ನನ್ನ ಜೊತೆ ಹೆಚ್ಚು ಮಾತಾಡಿಲ್ಲ.