ಬೈಟು ಕಾಫಿ, ಸಕ್ಕರೆ ಬೇರೆ

ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಶನಿವಾರ ಸಂಜೆಯಾಯಿತೆಂದರೆ ಯಾರಾದರೊಬ್ಬರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಹತ್ತಿರದಲ್ಲಿ ಒಳ್ಳೆ ದೋಸೆ ಎಲ್ಲಿ ಸಿಗುತ್ತೆ? ಇದೇ ಗುಂಪಿನಲ್ಲಿ ಕಾವೇರಿ ನೀರು ಯಾವಾಗ ಬಿಡುತ್ತಾರೆಂದು ಕೇಳಿದರೆ ಉತ್ತರ ಕೊಡುವವರಿಲ್ಲ. ದೋಸೆಯ ಮಾತು ಬಿದ್ದದ್ದೇ ತಡ, ಬ್ಯಾಟರಾಯನಪುರದಿಂದ ಅಬ್ಬಿಗೆರೆಯವರೆಗಿನ ಸಮಸ್ತ ಕಾವಲಿಗಳ ಗುಣದೋಷ ವಿವೇಚನೆ ಆರಂಭವಾಗುತ್ತದೆ. ಒಬ್ಬರು ಯಲಹಂಕದ ಹಳೆಯ ಹೋಟೆಲೊಂದರ ಮಸಾಲೆದೋಸೆಯೇ ಪರಮಸತ್ಯವೆಂದು ಸಾರುತ್ತಾರೆ. ಇನ್ನೊಬ್ಬರು ಅಲ್ಲಿಯ ಅಡುಗೆಭಟ್ಟರು ಬಿಟ್ಟುಹೋಗಿ ಯಾವ ಕಾಲವಾಯಿತೆಂದು ನಿಟ್ಟುಸಿರಿಡುತ್ತಾರೆ. ಮತ್ತೊಬ್ಬರು ಹೊಗೆಯಾಡುವ ತಟ್ಟೆಯ ಚಿತ್ರ ಹಾಕಿ, ಅದು ಯಾವ ಊರಿನ ತಟ್ಟೆಯೆಂದು ಹೇಳದೆ ಮಾಯವಾಗುತ್ತಾರೆ. ಇಷ್ಟೆಲ್ಲ ಮುಗಿದ ಮೇಲೆ, ಪ್ರಶ್ನೆ ಕೇಳಿದ ಪುಣ್ಯಾತ್ಮರು ಒಮ್ಮೆ ಇಣುಕಿ, "ಪಾರ್ಕಿಂಗ್ ಇದೆಯಾ?" ಎನ್ನುತ್ತಾರೆ.

ಈ ಸಭೆಯಲ್ಲಿ ನನಗೂ ಒಂದು ಪೀಠವಿದೆ. ವಾದ ತಾರಕಕ್ಕೇರಿದಾಗ "ಮೇಡಂ ಏನ್ ಹೇಳ್ತಾರೆ ನೋಡೋಣ" ಎಂದು ಯಾರೋ ಬರೆಯುತ್ತಾರೆ, ನಾನು ತೀರ್ಪು ಕೊಡುತ್ತೇನೆ. ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಆಯುಷ್ಯವಿಡೀ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಮಕ್ಕಳ ಮೇಲೆ ಖರ್ಚಾಗದೆ ಉಳಿದ ವಿಶೇಷಣಗಳನ್ನು ಈಗ ಇಡ್ಲಿ ವಡೆಗಳ ಮೇಲೆ ಸುರಿಯುತ್ತಿದ್ದೇನೆ. "ಮಲ್ಲಿಗೆಯಷ್ಟು ಮೃದು, ಆದರೆ ಚಟ್ನಿಯಲ್ಲಿ ಆತ್ಮವಿಲ್ಲ" ಎಂದೊಮ್ಮೆ ಬರೆದದ್ದು ಗುಂಪಿನಲ್ಲಿ ಬಹಳ ದಿನ ಓಡಾಡಿತು. ಆಗ ಹಿಗ್ಗಿದ್ದೆ. ಈಗ ಅದನ್ನು ನೆನೆದರೆ ಚಟ್ನಿಯ ಮುಂದೆ ನಿಂತು ಕ್ಷಮೆ ಕೇಳೋಣವೆನಿಸುತ್ತದೆ.

ನಿಜ ಹೇಳುತ್ತೇನೆ, ಸುಸ್ತಾಗಿಬಿಟ್ಟಿದೆ. ನಿಮಗೂ ಆಗಿರಬಹುದು. ತಿಂದದ್ದೆಲ್ಲದರ ಮೇಲೂ ಒಂದು ಅಭಿಪ್ರಾಯವಿರಲೇಬೇಕು, ಇರುವ ಅಭಿಪ್ರಾಯವನ್ನು ಹಂಚಲೇಬೇಕು, ಹಂಚಿದ್ದಕ್ಕೆ ಯಾರೋ ಹೆಬ್ಬೆರಳೆತ್ತಬೇಕು ಎಂಬ ಈ ಕಾಲದಲ್ಲಿ ಸುಮ್ಮನೆ ತಿಂದು, ಕೈ ತೊಳೆದು, ಮನೆಗೆ ಬರುವುದು ಒಂದು ಸಾಧನೆಯಾಗಿದೆ. ಬಿಲ್ಲು ಕೊಡುವ ಮೊದಲೇ ಫೋನು ನಡುಗಿ, ಈ ಹೋಟೆಲಿಗೆ ಎಷ್ಟು ನಕ್ಷತ್ರ ಕೊಡುತ್ತೀರೆಂದು ಕೇಳುತ್ತದೆ. ನಮ್ಮ ಯಜಮಾನರು ಮಾತ್ರ ಈ ಪೀಡೆಯಿಂದ ಪಾರಾದವರು. "ಮನೇದೇ ಚೆನ್ನಾಗಿರುತ್ತೆ ಕಣೇ" ಎಂಬ ಒಂದೇ ಅಭಿಪ್ರಾಯವನ್ನಿಟ್ಟುಕೊಂಡು ಅವರು ಇಡೀ ದಾಂಪತ್ಯವನ್ನು ದಾಟಿದ್ದಾರೆ. ಅದು ನನ್ನ ಅಡುಗೆಯ ಹೊಗಳಿಕೆಯಲ್ಲ, ಚಪ್ಪಲಿ ಹಾಕಿಕೊಳ್ಳುವ ಸೋಮಾರಿತನವೆಂದು ತಿಳಿಯಲು ನನಗೆ ಕೆಲವು ವರ್ಷಗಳು ಬೇಕಾದವು.

ನನ್ನ ಪೀಠದ ಗುಟ್ಟೊಂದನ್ನು ಇಲ್ಲಿ ಹೇಳಿಬಿಡಬೇಕು: ನನ್ನ ನಾಲಗೆಯಲ್ಲಿ ಅರ್ಧ ನನ್ನದಲ್ಲ, ನಸೀಮಾ ಮೇಡಂ ಅವರದು. ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು, ಆರ್.ಟಿ. ನಗರದಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಸ್ಟಾಫ್ ರೂಮಿನಲ್ಲಿ ಅಕ್ಕಪಕ್ಕದ ಕುರ್ಚಿಗಳಲ್ಲಿ ತಲೆಗೂದಲು ಬೆಳ್ಳಗಾಗಿಸಿಕೊಂಡೆವಾದರೂ ಇಂದಿಗೂ ನಾವು ಪರಸ್ಪರ 'ಮೇಡಂ' ಮತ್ತು 'ನೀವು'. ಉತ್ತರಪತ್ರಿಕೆ ತಿದ್ದುವ ಕಾಲ ಬಂತೆಂದರೆ ಮಕ್ಕಳು ಅವರನ್ನು ನೆನೆದು ನಡುಗುತ್ತಿದ್ದರು, ಏಕೆಂದರೆ ಲೆಕ್ಕ ಪೂರ್ತಿ ಸರಿಯಿದ್ದರೂ ಅಡಿಗೆರೆ ಸೊಟ್ಟಗಿದೆಯೆಂದು ಅರ್ಧ ಅಂಕ ಕಳೆಯುತ್ತಿದ್ದರು. ಪೂರ್ಣಾಂಕ ಕೊಟ್ಟರೆ ಮಗು ಮುಂದೆ ಕಲಿಯುವುದಿಲ್ಲವೆಂಬುದು ಅವರ ದೃಢವಾದ ನಂಬಿಕೆ.

ನಿವೃತ್ತಿಯಾದ ಮೇಲೆ ಪ್ರತಿ ಗುರುವಾರ ಬೆಳಗಿನ ತಿಂಡಿಗೆ ನಾವಿಬ್ಬರೂ ಸೇರುವ ಪದ್ಧತಿ ಬಿತ್ತು. ನನಗೂ ಅವರಿಗೂ ನಡುವೆ ವಾಹನಗಳು ತೆವಳುವ ಹೆಬ್ಬಾಳದ ಮೇಲ್ಸೇತುವೆಯಿದೆ; ಸ್ನೇಹದ ಆಳವನ್ನು ಅಳೆಯಲು ಇದಕ್ಕಿಂತ ಕಠಿಣವಾದ ಪರೀಕ್ಷೆಯನ್ನು ಯಾರೂ ಕಟ್ಟಿಸಿಲ್ಲ. ಒಂದು ವಾರ ನಾನು ಹೋಟೆಲನ್ನು ಆರಿಸಬೇಕು, ಮರುವಾರ ಅವರು. ಆರಿಸಿದವರು ಪ್ರಶ್ನೆಪತ್ರಿಕೆ ಬರೆದ ಹಾಗೆ ಸುಮ್ಮನಿರಬೇಕು. ಇನ್ನೊಬ್ಬರು ತಪ್ಪು ಹುಡುಕಬೇಕು. ಕಾಫಿ ಬರುವವರೆಗೆ ಸಮರ್ಥನೆ ಕೂಡದು. ಹೀಗೆ ಯಶವಂತಪುರದ ಮಾರುಕಟ್ಟೆ ಬದಿಯ ಖಾಲಿದೋಸೆ, ಟಿ. ದಾಸರಹಳ್ಳಿಯ ಮುದ್ದೆ ಬಸ್ಸಾರು, ಅವರ ಬೀದಿಯ ಬೇಕರಿಯ ದಿಲ್‌ಪಸಂದ್ ಎಲ್ಲವೂ ನಮ್ಮ ಮೌಲ್ಯಮಾಪನಕ್ಕೆ ಒಳಗಾದವು. ರಂಜಾನಿನ ತಿಂಗಳಲ್ಲಿ ತಿಂಡಿ ಸಂಜೆಗೆ ಸರಿಯುತ್ತಿತ್ತು, ತಪ್ಪು ಹುಡುಕುವುದು ಮಾತ್ರ ನಿಲ್ಲುತ್ತಿರಲಿಲ್ಲ. ನಾನು ಉಪಮೆ ಹುಡುಕುತ್ತಿದ್ದರೆ ಅವರು "ಉಪ್ಪು ಕಮ್ಮಿ ಕಣ್ರೀ, ಅಷ್ಟೇ ವಿಷ್ಯ" ಎಂದು ಮುಗಿಸುತ್ತಿದ್ದರು. ಮನೆಗೆ ಬಂದು ನಾನು ಆ ಉಪ್ಪಿಗೆ ಒಂದಿಷ್ಟು ಸಂಸ್ಕೃತ ಬೆರೆಸಿ ಗುಂಪಿಗೆ ಬಡಿಸುತ್ತಿದ್ದೆ.

ಕೊನೆಯಲ್ಲಿ ಕಾಫಿ. ಒಂದು ಬೈಟು, ಸಕ್ಕರೆ ಬೇರೆ. ನನಗೆ ಶುಗರ್ ಇರುವುದರಿಂದ ನನ್ನ ಪಾಲಿನ ಅರ್ಧ ಕಾಫಿ ಕಹಿಯಾಗಿಯೇ ಇರಬೇಕು. ಅವರಿಗೋ ಸಿಹಿ ಧಾರಾಳವಾಗಿರಬೇಕು. ಒಂದೇ ಕಾಫಿಯನ್ನು ಎರಡು ಲೋಟಕ್ಕೆ ಹಂಚಿ, ಸಕ್ಕರೆಯ ಪೊಟ್ಟಣಗಳನ್ನು ಪಕ್ಕಕ್ಕಿಡುವ ಈ ಏರ್ಪಾಡನ್ನು ಕಂಡುಹಿಡಿದ ಬೆಂಗಳೂರಿಗೆ ನಾನು ಋಣಿ. ಎಷ್ಟೋ ಸಂಸಾರಗಳಲ್ಲಿ ಸಾಧ್ಯವಾಗದ ಹೊಂದಾಣಿಕೆ ಇದು.

ಈ ಮಳೆಗಾಲದಲ್ಲಿ ನಸೀಮಾ ಮೇಡಂ ಜ್ವರ, ನೆಗಡಿಯೆಂದು ಕೆಲವು ವಾರ ಬರಲಿಲ್ಲ. ಮತ್ತೆ ಬಂದ ದಿನ ಸರದಿ ನನ್ನದು. ಕೊಡಿಗೇಹಳ್ಳಿ ಕಡೆ ಹೊಸದಾಗಿ ಬಾಗಿಲು ತೆರೆದಿದ್ದ ದರ್ಶಿನಿಯೊಂದಕ್ಕೆ ಕರೆದುಕೊಂಡು ಹೋದೆ. ಸಾಂಬಾರಿಗೆ ಬೆಲ್ಲ ಸುರಿದಿದ್ದರು, ವಡೆ ನಿನ್ನೆಯದಿರಬೇಕು, ಪಲ್ಯದಲ್ಲಿ ಈರುಳ್ಳಿ ಬೆಂದೇ ಇರಲಿಲ್ಲ. ನಾನು ನಾಚಿಕೆಯಿಂದ ತೀರ್ಪಿಗೆ ಕಾದೆ. ಅವರು ನಿಧಾನವಾಗಿ ತಿಂದು, ಬಾಯೊರೆಸಿಕೊಂಡು, "ಚೆನ್ನಾಗಿದೆ ಮೇಡಂ. ಏನೂ ಹೇಳೋ ಹಾಗಿಲ್ಲ" ಎಂದರು.

ಪೂರ್ಣಾಂಕ! ಮನೆಗೆ ಬಂದ ಮೇಲೂ ನನಗೆ ಸಮಾಧಾನವಿಲ್ಲ. ನನ್ನ ಮುಂದಿನ ಸರದಿಯಲ್ಲೂ ಚೆನ್ನಾಗಿತ್ತು, ಅದರ ಮುಂದಿನದರಲ್ಲೂ ಚೆನ್ನಾಗಿತ್ತು. ಒಪ್ಪಿಗೆಯೆಂಬುದು ಇಷ್ಟು ಭಯ ಹುಟ್ಟಿಸಬಲ್ಲದೆಂದು ನನಗೆ ಗೊತ್ತಿರಲಿಲ್ಲ. ನನ್ನ ಮೇಲೆ ಬೇಸರವೇ? ಇನ್ನು ಬರುವುದು ಬೇಡವೆಂದು ತೀರ್ಮಾನಿಸಿ ಮರ್ಯಾದೆಗೆ ಹೊಗಳುತ್ತಿದ್ದಾರೆಯೇ? ಬಿಟ್ಟುಹೋಗುವವರು ಕೊನೆಕೊನೆಗೆ ಜಗಳ ನಿಲ್ಲಿಸುತ್ತಾರಲ್ಲ, ಅಂಥ ಸೌಜನ್ಯ ಅವರ ಮಾತಿಗೆ ಬಂದಿತ್ತು. ಈ ವಯಸ್ಸಿನಲ್ಲಿ ಹೊಸದಾಗಿ ಪರಿಚಯವಾಗುವವರು ನಮ್ಮನ್ನು ಹೊಗಳುತ್ತಾರೆ, ಇಲ್ಲವೇ ಸಹಿಸಿಕೊಳ್ಳುತ್ತಾರೆ. ಮುಖ ನೋಡಿ "ನೀವು ಹೇಳಿದ್ದು ತಪ್ಪು" ಎನ್ನಲು ಹಳಬರೇ ಬೇಕು. ನನಗೆ ಉಳಿದಿದ್ದ ಅಂಥ ಒಬ್ಬರೇ ಒಬ್ಬರನ್ನು ಕಳೆದುಕೊಳ್ಳುತ್ತೇನೇನೋ ಎಂದು ನಾನು ಹೆದರಿದೆ.

ಆದ್ದರಿಂದ ಮರುವಾರ, ತಮಾಷೆಯ ದನಿಯಲ್ಲೇ, "ಏನ್ ಮೇಡಂ, ತಪ್ಪು ಹುಡುಕೋದನ್ನ ಮರೆತೇಬಿಟ್ರಾ?" ಎಂದು ಚುಚ್ಚಿದೆ. ಅವರು ಬೆಚ್ಚಿದಂತೆ ಕಂಡಿತು. ಆಗಷ್ಟೇ ಕಾಫಿ ಬಂದಿತ್ತು. ಲೋಟವೆತ್ತಿ ಒಂದು ಗುಟುಕು ಕುಡಿದು, ಹಳೆಯ ಗಣಿತದ ಗತ್ತಿನಲ್ಲಿ ಹುಬ್ಬು ಗಂಟಿಕ್ಕಿ, "ಸಕ್ಕರೆ ಜಾಸ್ತಿ ಆಯ್ತು" ಎಂದರು.

ಸಕ್ಕರೆಯ ಪೊಟ್ಟಣಗಳು ತಟ್ಟೆಯ ಪಕ್ಕದಲ್ಲಿ ಬಾಯಿ ಬಿಚ್ಚದೆ ಬಿದ್ದಿದ್ದವು. ನಾನು ಅವುಗಳನ್ನು ನೋಡಿದೆ. ನಾನು ನೋಡಿದ್ದನ್ನು ಅವರು ನೋಡಿದರು. ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಹಿಂದೆ ಜಾಗ ಕಾಯುತ್ತಿದ್ದವರು ಕೆಮ್ಮಿದರು, ನಾವು ಕದಲಲಿಲ್ಲ.

"ಜ್ವರ ಬಂತಲ್ಲ, ಆವಾಗ್ಲೇ ಹೋಯ್ತು ಮೇಡಂ," ಎಂದರು. "ವಾಸ್ನೆ ಇಲ್ಲ, ರುಚಿ ಇಲ್ಲ. ಬಿಸಿ ಗೊತ್ತಾಗುತ್ತೆ, ಅಷ್ಟೇ. ವಾಪಸ್ ಬರ್ಬೋದು, ಬರ್ದೇನೂ ಇರ್ಬೋದು ಅಂತಾರೆ ಡಾಕ್ಟ್ರು. ಮನೇಲಿ ಉಪ್ಪು ನೋಡೋಕೆ ಸೊಸೇನ ಕರೀತೀನಿ."

ನನಗೇಕೆ ಹೇಳಲಿಲ್ಲವೆಂದು ಕೇಳಿದೆ. ದನಿಯಲ್ಲಿ ಕೋಪವಿತ್ತು, ಹೆದರಿಕೆ ಇಳಿದ ಮೇಲೆ ನನಗೆ ಮೊದಲು ಬರುವುದು ಅದೇ.

"ಹೇಳಿದ್ರೆ ನೀವು ಏನಂತಿದ್ರಿ? ಪಾಪ, ರೆಸ್ಟ್ ತಗೊಳ್ಳಿ ಅಂತಿದ್ರಿ. ಎರಡು ವಾರ ಫೋನ್ ಮಾಡ್ತಿದ್ರಿ. ಆಮೇಲೆ ಹಬ್ಬಕ್ಕೊಂದು ಮೆಸೇಜು. ತಿಂಡಿ ರುಚಿ ಗೊತ್ತಾಗ್ದೇ ಇರೋಳನ್ನ ಕರ್ಕೊಂಡು ಹೆಬ್ಬಾಳದ ಟ್ರಾಫಿಕ್‌ನಲ್ಲಿ ಯಾರು ಬರ್ತಾರೆ?"

ನನ್ನನ್ನು ಬಿಡಲು ಹೊರಟಿದ್ದಾರೆಂದು ನಾನು ತಿಳಿದಿದ್ದ ಆ ವಾರಗಳಲ್ಲೆಲ್ಲ ಅವರು ರುಚಿಯೇ ತಿಳಿಯದ ವಡೆಯನ್ನು ಅಗಿದು ನುಂಗಿ, ನನ್ನನ್ನು ಉಳಿಸಿಕೊಳ್ಳಲು ಹೊಗಳುತ್ತಿದ್ದರು. ಕಣ್ಣು ತುಂಬಿ ಬಂತು. ಕಾವಲಿಯ ಹೊಗೆಯೆಂದೆ. ಅವರು "ಕಾವ್ಲಿ ಆ ಕಡೆ ಇದೆ ಮೇಡಂ" ಎಂದರು.

ಮರುವಾರ ಸರದಿ ಮತ್ತೆ ನನ್ನದು. ನಾನು ದೊಡ್ಡ ಮನಸ್ಸಿನವಳಂತೆ, ಈ ಸಲ ತಿಂಡಿ ಬೇಡ, ಹೆಬ್ಬಾಳದ ಕೆರೆಯ ದಂಡೆಯಲ್ಲಿ ಸುಮ್ಮನೆ ಕುಳಿತು ಮಾತಾಡೋಣವೆಂದು ಫೋನಿನಲ್ಲಿ ಸೂಚಿಸಿದೆ. "ನಕ್ಕೋ, ಬೇಡ! ಕೆರೇಲಿ ಏನ್ ತಿಂತಾರೆ?" ಎಂದು ಅವರು ಸಿಡುಕಿದರು. ಸರದಿಯನ್ನು ನನ್ನಿಂದ ಕಿತ್ತುಕೊಂಡು, ಯಲಹಂಕ ರಸ್ತೆಯ ದೋಸೆಯಂಗಡಿಯೊಂದಕ್ಕೆ ಬರಹೇಳಿದರು. ಅವರ ಆಯ್ಕೆಯಾದ್ದರಿಂದ ನಿಯಮದ ಪ್ರಕಾರ ತಪ್ಪು ಹುಡುಕುವ ಹೊಣೆ ನನ್ನದಾಯಿತು.

ತಟ್ಟೆ ಬಂತು. "ಹೇಳಿ" ಎಂದರು. ನಾನು ಗಂಟಲು ಸರಿಮಾಡಿಕೊಂಡು ಹೊಂಬಣ್ಣ, ಗರಿಗರಿ, ಹದವಾದ ಹುಳಿ ಎಂದು ಆರಂಭಿಸಿದೆ. ಇಲ್ಲದ ಗುಣಗಳನ್ನೂ ಸೇರಿಸಿದೆ, ಅವರಿಗೆ ತಲುಪದ ರುಚಿಯನ್ನು ಮಾತಿನಲ್ಲಾದರೂ ತುಂಬಿಕೊಡೋಣವೆಂಬ ಆಸೆಯಿಂದ. ಅವರು ಕೈ ಎತ್ತಿ ತಡೆದರು. ವಿಶೇಷಣ ಬೇಡವಂತೆ, ಉಪ್ಪಿನ ವಿಚಾರ ಹೇಳಬೇಕಂತೆ. ಸರಿಯಿದೆಯೆಂದೆ. ಅವರು ದೋಸೆಯ ಅಂಚನ್ನು ಬೆರಳಲ್ಲಿ ಹಿಡಿದು, ಕಿವಿಯ ಹತ್ತಿರ ತಂದು ಮುರಿದರು.

"ಗರಿಗರಿ ಅಂದ್ರಲ್ಲ, ಸದ್ದೇ ಇಲ್ವಲ್ಲ. ಮೆತ್ತಗಿದೆ ಕಣ್ರೀ ನಿಮ್ಮ ದೋಸೆ. ಸಾಂಬಾರ್ ನೋಡಿ, ತೊಗರಿಬೇಳೆ ಒಂದ್ಕಡೆ, ನೀರು ಒಂದ್ಕಡೆ. ನಿನ್ನೇದಕ್ಕೆ ನೀರು ಸುರಿದು ಕಾಯ್ಸಿದಾರೆ. ಅರ್ಧ ಮಾರ್ಕೂ ಕೊಡಲ್ಲ ನಾನು."

ನಿಜವಾಗಿಯೂ ಮೆತ್ತಗಿತ್ತು. ನಾನು ವಾದಿಸಿದೆ, ಅವರು ವಾದಿಸಿದರು, ಯಾರ ಸರದಿ, ಯಾರು ತಪ್ಪು ಹುಡುಕಬೇಕು ಎಂಬ ನಿಯಮಗಳೆಲ್ಲ ಚಟ್ನಿಯಲ್ಲಿ ಕಲಸಿಹೋದವು. ಪಕ್ಕದ ಮೇಜಿನವರು ನಮ್ಮನ್ನು ಅತ್ತಿಗೆ ನಾದಿನಿಯರೆಂದುಕೊಂಡಿರಬೇಕು. ನನಗೆ ಎಷ್ಟೋ ದಿನಗಳ ನಂತರ ಹೊಟ್ಟೆ ತುಂಬ ಹಸಿವಾಯಿತು.

ಕಾಫಿ ಬಂದಾಗ ಅವರು ಸಕ್ಕರೆಯ ಪೊಟ್ಟಣ ಬಿಚ್ಚಿ ಸುರಿದು ಕಲಕಿ, ಲೋಟವನ್ನು ನನ್ನತ್ತ ತಳ್ಳಿದರು. ನಾನು ಒಂದು ಗುಟುಕು ಕುಡಿದು ನೋಡಿ, ಇನ್ನೊಂಚೂರು ಬೇಕೆಂದೆ. ಆ ಸಿಹಿ ನನ್ನ ನಾಲಗೆಗೆ ಬಿದ್ದು ಎಷ್ಟು ಕಾಲವಾಗಿತ್ತೋ. "ನಿಮಗೆ ಶುಗರ್ ಇದೆ, ಈ ವಿಷ್ಯದಲ್ಲಿ ನಿಮ್ಮನ್ನ ನಂಬಲ್ಲ" ಎಂದರು. ಆದರೂ ಇನ್ನೊಂಚೂರು ಹಾಕಿಕೊಂಡರು. ರುಚಿ ತಿಳಿಯದವರಿಗೆ ಸಕ್ಕರೆಯೇಕೆಂದು ನಾನು ಕೇಳಲಿಲ್ಲ.

ಅವರ ರುಚಿ ಇನ್ನೂ ಬಂದಿಲ್ಲ. ನನ್ನ ಆಯಾಸವೂ ಹೋಗಿಲ್ಲ. ಮೇಲ್ಸೇತುವೆ ಇರುವವರೆಗೆ ಅದು ಹೋಗುವ ಹಾಗೂ ಇಲ್ಲ. ಮೊನ್ನೆ ಶನಿವಾರ ಸಂಜೆ ಗುಂಪಿನಲ್ಲಿ ಮತ್ತದೇ ಪ್ರಶ್ನೆ ಬಂತು, ಮತ್ತದೇ ಕಾವಲಿಗಳ ಕಾಳಗ ನಡೆಯಿತು, ಮೇಡಂ ಏನು ಹೇಳುತ್ತಾರೆಂದು ಯಾರೋ ಕೇಳಿದರು. ವಿಶೇಷಣಗಳನ್ನು ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ಹೀಗೆ ಕಳಿಸಿದೆ: "ಯಲಹಂಕ ರಸ್ತೆಯಲ್ಲೊಂದು ಅಂಗಡಿಯಿದೆ. ದೋಸೆ ಮೆತ್ತಗೆ, ಸಾಂಬಾರು ನೀರು. ನಾವಿಬ್ಬರು ಪ್ರತಿ ಗುರುವಾರ ಅಲ್ಲಿಗೇ ಹೋಗುತ್ತಿದ್ದೇವೆ."

ಆಮೇಲೆ ಪ್ರಶ್ನೆ ಕೇಳಿದವರು ಇಣುಕಿ, ಪಾರ್ಕಿಂಗ್ ಇದೆಯಾ ಎಂದರು. ಇಲ್ಲವೆಂದೆ, ಜಗಳವಾಡುವವರೊಬ್ಬರನ್ನು ಜೊತೆಗೆ ಕರೆದುಕೊಂಡು ಬಸ್ಸಿನಲ್ಲಿ ಬನ್ನಿ ಎಂದೆ.