ಹೊಗೆ ಹಾಕುವವಳ ಹಾಜರಿ

ಪ್ರತಿ ಗುರುವಾರ ನಮ್ಮ ಓಣಿಗೆ ಫಕೀರನೊಬ್ಬ ಲೋಬಾನದ ಹೊಗೆ ಹಿಡಿದುಕೊಂಡು ಬರುತ್ತಾನೆ. ಬೇರೆಯವರಿಗೆ ಅದು ದೇವರ ವಾಸನೆ. ನನ್ನ ಮೂಗಿಗೆ ಮಾತ್ರ ಅದರೊಳಗಿಂದ ಸುಟ್ಟ ಕಾಗದದ ವಾಸನೆ ಬರುತ್ತದೆ. ಬಂದ ಕೂಡಲೇ ಚಾಚಾ ನೆನಪಾಗುತ್ತಾರೆ… ಅಣ್ಣ ಓದುತ್ತಿದ್ದ ರಾಯಚೂರಿನ ಕಾಲೇಜಿನ ಚಪರಾಸಿ.

ನಿಜಾಮರ ಕಾಲ. ಆ ವರ್ಷ ರಾಯಚೂರಿನಲ್ಲಿ ಇಲಿ ಸತ್ತು ಬೀಳತೊಡಗಿದವು. ಇಲಿ ಬಿದ್ದರೆ ಹಿಂದೆಯೇ ಪ್ಲೇಗು. ಕಾಲೇಜಿಗೆ ಬೀಗ ಬಿತ್ತು, ಬೋರ್ಡಿಂಗಿನ ಹುಡುಗರು ತಮ್ಮ ತಮ್ಮ ಊರಿಗೆ ಚದುರಿದರು. ಮಾನ್ವಿಯಲ್ಲಿ ನಾವೂ ಮನೆ ಬಿಟ್ಟು, ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದೆವು. ಅಣ್ಣ ಅಲ್ಲಿಗೇ ಬಂದ.

ಅವನ ಮಾಸ್ತರರು ದೇವದುರ್ಗದವರು. ಊರಿಗೆ ಹೋದರೂ ಸುಮ್ಮನೆ ಕೂರಲಿಲ್ಲ. ಬಿಡಿ ಹಾಳೆಗಳಿಗೆ ತೂತು ಹಾಕಿ, ದಾರ ಪೋಣಿಸಿ ಒಂದು ದಪ್ಪ ಪುಸ್ತಕ ಮಾಡಿದರು. ಅದರಲ್ಲಿ ಪಾಠ ಬರೆದು ಚಾಚಾನ ಕೈಗೆ ಕೊಡುವರು. ಚಾಚಾ ಬಸ್ಸಿನ ಮೇಲೆ ಸೈಕಲ್ ಹೇರಿಕೊಂಡು ಗುಂಜಹಳ್ಳಿ, ಮಲ್ಲಟ, ಕೊನೆಗೆ ಮಾನ್ವಿಗೆ ಬರುವರು. ಪ್ರತಿ ಹುಡುಗ ಪಾಠ ನಕಲು ಮಾಡಿಕೊಂಡು, ತನ್ನ ಪ್ರಶ್ನೆ, ತನ್ನ ಸುದ್ದಿ ಬರೆದು ಮುಂದಕ್ಕೆ ಕಳಿಸಬೇಕು. ಪುಸ್ತಕ ಮುಟ್ಟುವ ಮೊದಲು, ರೋಗ ಅಂಟದಿರಲೆಂದು, ಬೇವಿನ ಸೊಪ್ಪು, ಲೋಬಾನ ಕೆಂಡಕ್ಕೆ ಹಾಕಿ, ಬುಟ್ಟಿ ಮುಚ್ಚಿ, ಹಾಳೆ ಹಾಳೆಗೂ ಹೊಗೆ ಕೊಡಬೇಕು. ನಮ್ಮಲ್ಲಿ ಆ ಕೆಲಸ ನನ್ನದು.

ಚಾಚಾನಿಗೆ ಓದಲು ಬರುತ್ತಿರಲಿಲ್ಲ. ಹಾಜರಿ ಕೂಗಲು ಬರುತ್ತಿತ್ತು. ಗುಡಿಸಲ ಮುಂದೆ ಸೈಕಲ್ ನಿಲ್ಲಿಸಿ, ಹುಡುಗರನ್ನು ಊರಿನ ಹೆಸರಿನಿಂದ ಕರೆದು, ಇಲ್ಲದವರ ಪರವಾಗಿ ತಾವೇ ಉತ್ತರ ಕೊಡುವರು.

"ಗುಂಜಹಳ್ಳಿ? ಹಾಜರ್! ಕೆಮ್ಮು ಅದ, ಜೀವ ಗಟ್ಟಿ ಅದ. ಮಲ್ಲಟ? ಹಾಜರ್! ರೊಟ್ಟಿ ತಿಂದು ತಿಂದು ನಗಾರಿ ಆಗ್ಯಾನ. ಮಾನ್ವಿ?"

"ಹಾಜರ್ ರೀ," ಎನ್ನುವನು ಅಣ್ಣ.

"ಹೊಗಿ ಹಾಕಾಕಿ?"

"ಹಾಜರ್, ಚಾಚಾ!"

"ಶಾಬಾಸ್ ಬೇಟಿ. ನೀ ಇಲ್ಲಂದ್ರ ಈ ಕಾಲೇಜ್ ನಡಿಯಂಗಿಲ್ಲ."

ನನ್ನನ್ನು ನಾಲ್ಕನೆಯ ತರಗತಿಗೇ ಶಾಲೆ ಬಿಡಿಸಿದ್ದರು. ಬಿಡಿಸಿದ್ದು ಅಪ್ಪ, ಹೇಳಿಕೊಟ್ಟಿದ್ದು ಅಣ್ಣ. "ಅಕಿಗ್ಯಾಕ ಸಾಲಿ? ನಾ ಬೋರ್ಡಿಂಗಿಗಿ ಹೋದ್ರ ಎಮ್ಮಿ ಯಾರು ನೋಡ್ತಾರ?" ಎಂದಿದ್ದ. ಆ ಮಾತು ನನ್ನ ಎದೆಯಲ್ಲಿ ಕೆಂಡದ ಹಾಗೆ ಕೂತಿತ್ತು. ಅದಕ್ಕೆ ಬೂದಿ ಮುಚ್ಚಲು ನಾನು ಬಿಡಲಿಲ್ಲ.

ಮಾಸ್ತರರ ಪಾಠ ಉರ್ದುವಿನಲ್ಲಿ, ಹುಡುಗರ ಹರಟೆ ಕನ್ನಡದಲ್ಲಿ. ಒಂದು ಸಲ ಹೊಗೆ ಕೊಡುವಾಗ ಅಣ್ಣನ ಅಕ್ಷರ ಕಂಡೆ. "ನನ್ನ ತಂಗಿ ಪುಸ್ತಕದ ಹೊಗಿ ಅಷ್ಟ ಕುಡೀತಾಳ. ಅಕ್ಷರ ತಲಿಗಿ ಹತ್ತಂಗಿಲ್ಲ." ಅದರ ಕೆಳಗೆ ಮಲ್ಲಟದವನು ಬರೆದಿದ್ದ: "ಹಂಗಾದ್ರ ಅಕಿಗಿ ಹೊಗಿಯಾಗ ಬಿ.ಎ. ಕೊಡಸ್ರಿ." ಕೂಡಿಸಿ ಕೂಡಿಸಿ ಓದಿದೆ. ಮೂರು ಸಲ ಓದಿದೆ. ಅಳಲಿಲ್ಲ. ಕಾದೆ.

ಮುಂದಿನ ಸುತ್ತಿಗೇ ನನ್ನ ದಿನ ಬಂತು. ಕಾಲೇಜು ತೆರೆಯುವಂತಿಲ್ಲ, ವರ್ಷದ ಪರೀಕ್ಷೆ ದೇವದುರ್ಗದಲ್ಲಿ, ಮುಂದಿನ ಅಮಾವಾಸ್ಯೆಯ ಮರುದಿನ, ಬಾರದವನಿಗೆ ವರ್ಷ ಹೋಯಿತು ಎಂದು ಮಾಸ್ತರರು ಒಂದು ಹಾಳೆ ಬರೆದಿದ್ದರು. ಮನೆಯವರಿಗೂ ತಿಳಿಯಲೆಂದು ಕನ್ನಡದಲ್ಲಿ ಬರೆದಿದ್ದರು. ಮನೆಯವಳಾದ ನನಗೆ ತಿಳಿಯಿತು.

ಹರಿದರೆ ಗುರುತು ಉಳಿಯುತ್ತದೆ. ಪುಸ್ತಕದ ಬೆನ್ನಿನ ದಾರ ಬಿಚ್ಚಿ, ಆ ಒಂದು ಹಾಳೆ ತೆಗೆದು, ಮತ್ತೆ ಗಂಟು ಹಾಕಿದೆ. ಹಾಳೆಯನ್ನು ಬೇವಿನ ಸೊಪ್ಪಿನ ನಡುವೆ ಇಟ್ಟು ಊದಿದೆ. ಅದು ಮುದುಡಿ, ಕಪ್ಪಾಗಿ, ಒಂದೊಂದೇ ಅಕ್ಷರ ಹೋಗುವುದನ್ನು ನೋಡಿದೆ. ಸುಳ್ಳೇಕೆ ಹೇಳಲಿ, ಅಷ್ಟು ಸುಖ ನಾನು ಮತ್ತೆಂದೂ ಕಂಡಿಲ್ಲ. ಅಮಾವಾಸ್ಯೆಯ ಮರುದಿನ ಅಣ್ಣ ಗುಡಿಸಲ ನೆರಳಲ್ಲಿ ಗೊರಕೆ ಹೊಡೆಯುತ್ತಿದ್ದ. ನಾನು ಎಮ್ಮೆ ತೊಳೆಯುತ್ತ ಹಾಡು ಹೇಳಿಕೊಂಡೆ.

ಮತ್ತೆ ಪುಸ್ತಕ ಬಂದಾಗ ಮಲ್ಲಟದವನು ಬರೆದಿದ್ದ: "ಪರೀಕ್ಷೆಗಿ ಎಲ್ಲರೂ ಬಂದಿದ್ವಿ. ಮಾಸ್ತರರ ಹಾಳಿ ಓದಿಯೂ ನೀ ಯಾಕ ಬರಲಿಲ್ಲ?" ಅಣ್ಣ ಪುಸ್ತಕದ ಹಾಳೆಗಳನ್ನೆಲ್ಲ ತಿರುವಿ ಹುಡುಕಿದ. ಚಾಚಾನ ಅಂಗಿ ಹಿಡಿದ.

"ತಂಬಾಕು ಕಟ್ಟಾಕ ಹರದಿ ಏನಲೇ ನನ್ನ ಹಾಳಿ? ನೀ ಹಾಳಿ ಅಂಚು ಹರಿಯೂದು ನಾ ನೋಡೀನಿ!"

ಅಂಚು ಹರಿಯುತ್ತಿದ್ದುದು ನಿಜ. ಚಾಚಾ ಏನೋ ಹೇಳಲು ಬಾಯಿ ತೆರೆದು, ನನ್ನ ಕಡೆ ನೋಡಿದರು. ನಾನು ಕೆಂಡ ಊದುತ್ತಿದ್ದೆ. ಪಕ್ಕದಲ್ಲಿ ಅಪ್ಪ ಎಮ್ಮೆಯ ಬಾರುಕೋಲು ಹಿಡಿದು ನಿಂತಿದ್ದ.

"ನನ್ನಿಂದ ತಪ್ಪಾತು, ಸಾಹೇಬ," ಎಂದರು ಚಾಚಾ.

ಹೋಗುವಾಗ ನನ್ನ ಅಂಗೈಯಲ್ಲಿ ಒಂದು ತುಂಡು ದಾರ ಇಟ್ಟರು. ದೇವದುರ್ಗದಲ್ಲಿ ಹೊಸ ಹಾಳೆ ಸೇರಿಸುವಾಗ ಬಿಚ್ಚಿದ ಹಳೆಯ ದಾರ. ಪುಸ್ತಕ ಕಟ್ಟುತ್ತಿದ್ದುದು ಯಾವಾಗಲೂ ಅವರೇ. ಅದರಲ್ಲಿದ್ದ ಗಂಟು ಮಾತ್ರ ಅವರದಲ್ಲ, ಹೆಣ್ಣುಮಕ್ಕಳು ಹೂವಿನ ದಂಡೆಗೆ ಹಾಕುವ ಗಂಟು. "ಇದು ನಿಂದು, ಬೇಟಿ," ಎಂದರು ಮೆಲ್ಲಗೆ. ಸಿಟ್ಟಿರಲಿಲ್ಲ. ಆ ದಾರವನ್ನೂ ಕೆಂಡಕ್ಕೆ ಹಾಕಿದೆ.

ಅಣ್ಣ ಮಾಸ್ತರರಿಗೆ ದೂರು ಬರೆದ. ಅವರು ಚಾಚಾನಿಂದ ಸುತ್ತು ಬಿಡಿಸಿ, ಬೀಗ ಹಾಕಿದ ಕಾಲೇಜು ಕಾಯಲು ರಾಯಚೂರಿಗೆ ಕಳಿಸಿದರು… ಇಲಿ ಬೀಳುತ್ತಿದ್ದ ಊರಿಗೆ.

ಮುಂದಿನ ಸಲ ಪುಸ್ತಕ ತಂದವನು ಯಾರೋ ಅಪರಿಚಿತ. ಹಾಜರಿ ಕೂಗಲಿಲ್ಲ. ಎಂದಿನಂತೆ ನಾನೇ ಮೊದಲು ಹಾಳೆ ತಿರುವಿದೆ. ಗುಂಜಹಳ್ಳಿಯವನು ಹಾಳೆಯ ನಡುವೆ ಒಂದೇ ಸಾಲು ಬರೆದಿದ್ದ: "ಚಾಚಾ ಗೈರುಹಾಜರ್. ಎರಡೇ ದಿನದ ಜ್ವರ." ಅದನ್ನು ಮಾತ್ರ ನಾನು ಕೂಡಿಸಿ ಓದಬೇಕಾಗಲಿಲ್ಲ.

ಅಣ್ಣ ಮತ್ತೆ ಕಾಲೇಜಿಗೆ ಹೋಗಲಿಲ್ಲ. ಹತ್ತಿ ಗಿರಣಿಯಲ್ಲಿ ಬದುಕು ಸವೆಸಿದ, ಸಾಯುವ ತನಕ ಚಾಚಾನನ್ನು ಬೈದ. ನಾನು ಎದುರು ಕೂತು ಕೇಳಿದೆ, ಬಾಯಿ ಬಿಡಲಿಲ್ಲ. ಅವನಿಗೆ ಮಾಡಿದ್ದಕ್ಕೆ ನನಗೆ ಇವತ್ತಿಗೂ ಅರ್ಧದಷ್ಟೇ ದುಃಖವಾಗುತ್ತದೆ. ಉಳಿದರ್ಧ ಇನ್ನೂ ಎಮ್ಮೆ ತೊಳೆಯುತ್ತ ಹಾಡುತ್ತಿದೆ. ಆದರೆ ಆ ಇಡೀ ಕಾಲೇಜಿನಲ್ಲಿ ನನ್ನನ್ನೂ ಒಬ್ಬಳೆಂದು ಎಣಿಸಿದವರು ಒಬ್ಬರೇ. ನನ್ನ ಸೇಡು ಅಣ್ಣನನ್ನು ದಾಟಿ ಹೋಗಿ ಅವರನ್ನೇ ಸುಟ್ಟಿತು…

ಇವತ್ತೂ ಗುರುವಾರ. ಫಕೀರ ಬಾಗಿಲಿಗೆ ಬಂದಿದ್ದ. ಹೊಗೆಗೆ ಮುಖವೊಡ್ಡಿ ನಿಂತೆ. ನಾಲಿಗೆಯ ತುದಿಗೆ 'ಹಾಜರ್' ಬಂದು ನಿಂತಿತು. ಫಕೀರ ನನ್ನ ಹೆಸರು ಕೇಳದೆ ಮುಂದಿನ ಮನೆಗೆ ಹೋದ.