ಕೊಟ್ಟಿಗೆಯ ಕಂಬ ಯಾವ ಮರದ್ದು

ನಮ್ಮತ್ತೆಯ ಬಲಗೈ ಹೆಬ್ಬೆರಳಿನ ಉಗುರು ಮಿಕ್ಕ ಉಗುರುಗಳ ಹಾಗಿರಲಿಲ್ಲ. ಹುಣಸೆಬೀಜದಂತೆ ದಪ್ಪಗೆ, ಕಂದಾಗಿ, ತುದಿಯಲ್ಲಿ ಸ್ವಲ್ಪ ಬಾಗಿತ್ತು. ಮದುವೆಮನೆಯ ಬಾಗಿಲಾಗಲಿ, ಡಾಕ್ಟರ ಶಾಪಿನ ಬೆಂಚಾಗಲಿ, ಮರ ಕಂಡಲ್ಲೆಲ್ಲ ಮಾತಾಡುತ್ತಲೇ ಆ ಉಗುರನ್ನು ಒತ್ತುವರು. ಬಿದ್ದ ಗುರುತನ್ನು ಸವರಿ, ಬೆರಳು ಮೂಸಿ, ತಮಗೆ ತಾವೇ ಹೇಳಿಕೊಳ್ಳುವರು. "ಅಲಸು." "ಮತ್ತಿ." ಒಮ್ಮೆ ನಂಜನಗೂಡಿನ ಬಟ್ಟೆ ಅಂಗಡಿಯ ಗಲ್ಲಾದ ಮೇಲೆ ಉಗುರೂರಿ, ಮಾಲೀಕರಿಗೆ ಕೇಳುವಂತೆಯೇ, "ಇದು ಮರಾನೇ ಅಲ್ಲ ಕಣವ್ವ, ಪುಡಿ ಅಂಟ್ಸವ್ರೆ" ಎಂದಿದ್ದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ನಾನು ತಿ. ನರಸೀಪುರದ ಹುಡುಗಿ. ಕಾನ್ವೆಂಟಿನಲ್ಲಿ ಓದಿ, ಮೆಲ್ಲಗೆ ಮಾತಾಡುವುದನ್ನೂ ನೇರವಾಗಿ ಹೊಲಿಯುವುದನ್ನೂ ಕಲಿತು ಈ ಮನೆಗೆ ಬಂದವಳು. ನನ್ನ ಹಿಂದೆಯೇ ಟೆಂಪೋದಲ್ಲಿ ಅಪ್ಪ ಕೊಡಿಸಿದ ಮಂಚವೂ ಬಂತು. ತೇಗದ ಮಂಚ ಎಂದು ಅಪ್ಪ ಎಲ್ಲರಿಗೂ ಹೇಳಿದ್ದರು. ಅದನ್ನು ಇಳಿಸುವಾಗ ಬೀದಿಯ ಹೆಂಗಸರೆಲ್ಲ ಸುತ್ತ ನಿಂತರು. ಅತ್ತೆ ತಲೆದಿಂಬಿನ ಕಡೆಯ ಹಲಗೆಯ ಹಿಂಬದಿಗೆ ಕೈ ಹಾಕಿದ್ದನ್ನು ನಾನು ನೋಡಿದೆ. ಅಲ್ಲಿ ಒಂದು ಗಳಿಗೆ ಬೆರಳು ನಿಂತಿತು.

"ತೇಗಾನ?" ಎಂದು ಎದುರುಮನೆಯಾಕೆ ಕೇಳಿದರು.

"ಇನ್ನೇನ್ ಮತ್ತೆ, ಕಣ್ ಕಾಣಾಕಿಲ್ವ?" ಎಂದರು ಅತ್ತೆ.

ಮಾರನೆಯ ಬೆಳಿಗ್ಗೆ ಹಾಲು ಕರೆಯುತ್ತ, ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡೇ ನನಗೆ ಹೇಳಿದರು. "ನಿಮ್ಮಪ್ಪನ್ಗೆ ಯಾವನೋ ಟೋಪಿ ಆಕವ್ನೆ ಮಗ. ಅದು ಕಾಪಿ ತೋಟದ ಸಿಲ್ವರ್ ಮರ. ಬಣ್ಣ ಬಳ್ದವ್ರೆ. ಓಗ್ಲಿ, ಮಲಗುದ್ರೆ ನಿದ್ದೆ ಬತ್ತದಲ್ಲ. ನೀನು ಬಾಯ್ ಬುಡ್ಬ್ಯಾಡ, ನಾನೂ ಬುಡಲ್ಲ."

ಆಮೇಲೆ ನಾವು ಎಷ್ಟೋ ಜಗಳವಾಡಿದೆವು. ಸಾರಿಗೆ ಹುಳಿ ಹಿಂಡುವುದರಿಂದ ಹಿಡಿದು ನಾನು ಮಕ್ಕಳಿಗೆ ಇಂಗ್ಲಿಷಿನಲ್ಲಿ ಗದರುವವರೆಗೆ, ಅವರು ಆಡದ ಮಾತಿಲ್ಲ. ಮಂಚದ ಮಾತು ಮಾತ್ರ ಆ ಬಾಯಿಂದ ಎಂದೂ ಬರಲಿಲ್ಲ.

ಮನೆಯ ಮಗ್ಗುಲಲ್ಲಿ, ಹುಲ್ಲಹಳ್ಳಿ ರಸ್ತೆಗೆ ತಾಗಿದಂತೆ ನಮ್ಮ ಹಳೆಯ ಕೊಟ್ಟಿಗೆ. ಕೆಳಗೆ ದನ, ಮೇಲೆ ಹುಲ್ಲಿನ ಅಟ್ಟ. ಅತ್ತೆಯ ಹೆಸರಿನಲ್ಲಿ ಒಂದು ಗುಂಟೆ ನೆಲವೂ ಇರಲಿಲ್ಲ. ಆದರೆ ಮಕ್ಕಳು ಪಾಲಿನ ಮಾತೆತ್ತಿದಾಗಲೆಲ್ಲ ಅವರದು ಒಂದೇ ಮಾತು. "ಮನೆ ನಿಮ್ಮಪ್ಪಂದು, ಗದ್ದೆ ನಿಮ್ದು, ಕೊಟ್ಗೆ ನಂದು." ಹಸು ಸಾಕಿ, ಡೈರಿಗೆ ಹಾಲು ಹಾಕಿ, ಎಲೆಅಡಿಕೆಗೂ ಯಾರ ಮುಂದೆಯೂ ಕೈಯೊಡ್ಡದೆ ಬದುಕಿದವರು. ಮನೆ ತುಂಬ ನೆಂಟರಿದ್ದು, ನಾನು ಒಲೆಯ ಮುಂದೆ ಬೆವರಿ ಸುಸ್ತಾಗಿದ್ದ ದಿನ, ಎಲ್ಲರ ಎದುರಿಗೆ ಗದರುವರು: "ಏನ್ ನಿಂತಿದ್ದೀಯ, ಓಗು, ಉಲ್ಲು ಎಳ್ಕೊ ಬಾ." ಹೋದರೆ ಕೆಳಗೆ ಹುಲ್ಲು ಆಗಲೇ ಎಳೆದು ಹಾಕಿರುತ್ತಿತ್ತು. ಅಟ್ಟದ ಮೇಲೆ ಮಡಿಸಿದ ಕಂಬಳಿ, ಒಂದು ಚೊಂಬು ನೀರು. ಆ ದೊಡ್ಡ ಮನೆಯಲ್ಲಿ ನನಗೆಂದು ಕಾಲು ಚಾಚುವ ಜಾಗ ಇದ್ದದ್ದು ಅದೊಂದೇ.

ಸಂಕ್ರಾಂತಿಗೆ ಕೊಟ್ಟಿಗೆ ತೊಳೆದು, ಕಂಬಗಳ ಬುಡಕ್ಕೆ ಮೊಣಕಾಲೆತ್ತರ ಸುಣ್ಣ ಬಳಿದು, ಮೇಲೆ ಕೆಮ್ಮಣ್ಣಿನ ಪಟ್ಟೆ ಎಳೆಯುವುದು ನಮ್ಮ ರೂಢಿ. ನನ್ನ ಮೊದಲ ಸಂಕ್ರಾಂತಿಯಲ್ಲಿ, ಬಾಗಿಲ ಪಕ್ಕದ ಕಂಬದ ಬುಡದಲ್ಲಿ ಓರೆಯಾಗಿ ಒಂದು ಸಣ್ಣ ಗೀಟು ಕಂಡಿತು. ಹೊಲಿಗೆ ಕಲಿತವಳಿಗೆ ತೇಪೆ ಬೇಗ ಕಾಣುತ್ತದೆ.

"ಗಂಜ್ಲ ಕುಡ್ದು ಕುಡ್ದು ಬುಡ ಕೊಳ್ತೋಗಿತ್ತು," ಎಂದರು ಅತ್ತೆ. "ಇತ್ಲ ಬೇವಿನ ತುಂಡ ಕೂರ್ಸುದ್ರು. ಆಗ ಐಕ್ಳು ಚಿಕ್ಕವು. ಇದೊಂದು ಬುಡ ಬಿಟ್ರೆ ಮಿಕ್ಕಿದ್ದೆಲ್ಲ ತೇಗ." ಉಗುರಿನಿಂದ ಮೇಲಿನ ಮಸಿಯನ್ನು ಕೆರೆದು ನನ್ನ ಮೂಗಿಗೆ ಹಿಡಿದರು. ಹಳೆಯ ಚರ್ಮದ ಚೀಲ ತೆರೆದಂಥ ವಾಸನೆ. "ತೇಗ ಅಂತ ಗೊತ್ತಾದ್ರೆ ಕೊಟ್ಗೆ ನಿಲ್ಲಾಕೆ ಬುಡಲ್ಲ ನನ್ ಮಕ್ಳು" ಎಂದು ಅಲ್ಲಿಗೂ ಸುಣ್ಣ ಒರೆಸಿಬಿಟ್ಟರು.

ರಸ್ತೆ ಅಗಲವಾದ ಮೇಲೆ ನಮ್ಮ ಬಾವನಿಗೆ, ಎಂದರೆ ಅತ್ತೆಯ ಹಿರಿಯ ಮಗನಿಗೆ, ಕೊಟ್ಟಿಗೆ ಕೆಡವಿ ಮಳಿಗೆ ಕಟ್ಟಿಸುವ ಆಸೆ ಹತ್ತಿತು. ಕಂಬ ತೊಲೆ ತೇಗವಾದರೆ ಅದನ್ನು ಮಾರಿಯೇ ಪಾಯ ಎಬ್ಬಿಸಬಹುದು, ಅಲ್ಲದಿದ್ದರೆ ಕೆಲಸ ಶುರುವಾಗುವಂತಿಲ್ಲ. ಹಸುಗಳ ಗತಿಯೇನು ಎಂದು ಅತ್ತೆ ಕೇಳಿದರು.

"ಮಾರ್ಬುಡನ ಕಣವ್ವ. ನಿಂಗೂ ವಯಸ್ಸಾಯ್ತು. ಕಾಲ್ ಮೇಲೆ ಕಾಲ್ ಹಾಕ್ಕೊಂಡು ಟಿ.ವಿ. ನೋಡು."

"ನನ್ ಕಾಲು. ನನ್ಗ್ ಬೇಕಾದ್ ಕಡೆ ಇಕ್ಕೋತೀನಿ."

ಮೈಸೂರಿನಿಂದ ಹಳೇ ಮರದ ವ್ಯಾಪಾರಿ ಬರುವ ದಿನ ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ ಒಳಗಿನ ಚಹರೆಯೇ ಬದಲಾಗಿತ್ತು. ಒಳಗಂಬಗಳ ಸುತ್ತ ಆಳೆತ್ತರಕ್ಕೆ ಹುಲ್ಲಿನ ಕಂತೆ ಒಟ್ಟಿತ್ತು. ಹುಲ್ಲಿಲ್ಲದ ಕಂಬಗಳಿಗೆ ಹಸು ಕಟ್ಟಿತ್ತು. ಬಾಗಿಲ ಪಕ್ಕದ ಕಂಬವೊಂದೇ ಬಿಡುವಾಗಿ, ಹೊಸ ಸುಣ್ಣ ಬಳಿಸಿಕೊಂಡು, ಮದುವಣಗಿತ್ತಿಯಂತೆ ನಿಂತಿತ್ತು.

"ಸಂಕ್ರಾಂತಿ ಇನ್ನೂ ದೂರ ಇದೆಯಲ್ಲ ಅತ್ತೆ?"

"ದನಗೊಳ್ಗೆ ಕ್ಯಾಲೆಂಡ್ರು ಓದಾಕ್ ಬತ್ತದ?"

ವ್ಯಾಪಾರಿ ಕಸುಬು ಬಲ್ಲವನು. ಹಳೇ ಮರ ಕೊಳ್ಳುವವರು ಮೊದಲು ನೋಡುವುದೇ ಕಂಬದ ಬುಡವನ್ನು. ಕೊಳೆಯುವುದು ಅಲ್ಲಿಂದ, ಬುಡ ಗಟ್ಟಿಯಿದ್ದರೆ ಮೇಲೆ ನೋಡಬೇಕಿಲ್ಲ ಎನ್ನುತ್ತಾರೆ. ಅತ್ತೆ ನೆಚ್ಚಿದ್ದು ಅದನ್ನೇ. ಅವನು ಒಳಗಂಬದ ಕಡೆ ಹೆಜ್ಜೆ ಇಟ್ಟ ಕೂಡಲೇ, "ಅತ್ತಾಗ್ ಓಗ್ಬ್ಯಾಡಿ ಸಾ, ಒದೀತದೆ" ಎಂದರು. ಆ ಹಸು ಹುಟ್ಟಿದಾಗಿನಿಂದ ಒಂದು ನೊಣವನ್ನೂ ಒದ್ದದ್ದಲ್ಲ. ವ್ಯಾಪಾರಿ ಹಿಂದೆ ಸರಿದು, ಬಾಗಿಲ ಕಂಬದ ಮುಂದೆ ಕುಕ್ಕರುಗಾಲಲ್ಲಿ ಕೂತು, ಉಳಿಯಿಂದ ಒಂದು ಚಕ್ಕೆ ಎಬ್ಬಿಸಿದ. ತಿರುಗಿಸಿ ನೋಡಿದ. ಮೂಸಿದ.

"ಇದು ತೇಗ ಅಲ್ಲ ಅಂತ ಕಾಣುತ್ತೆ ಸರ್."

"ಬೇವು ಸಾ, ಬೇವು," ಎಂದರು ಅತ್ತೆ. "ಬೇಕಾದ್ರೆ ಅಗ್ದು ನೋಡಿ."

ಅವನು ಚಕ್ಕೆಯನ್ನು ಹಲ್ಲಿಗಿಟ್ಟ. ಮುಖ ಕಿವುಚಿದ. ಎದ್ದು ಹೋಗಿ ಕಲಗಚ್ಚಿನ ಬಾನಿಯ ಪಕ್ಕ ಉಗುಳಿದ.

ಬಾವ ಮಾತ್ರ ನಂಬಲಿಲ್ಲ. "ಇದೆಲ್ಲ ಅವ್ವನ ನಾಟಕ. ತೇಗ ಅಂತ ತಾತ ಹೇಳ್ತಿದ್ದದ್ದು ನಂಗೆ ಗ್ಯಾಪ್ಕ ಅದೆ" ಎಂದವರು ಸರಕ್ಕನೆ ನನ್ನ ಕಡೆ ತಿರುಗಿದರು. ನಮ್ಮೆಜಮಾನರು ಕೆಲಸಕ್ಕೆ ಹೋಗಿದ್ದರು. ಅತ್ತೆಯನ್ನು ಬಿಟ್ಟರೆ ಮನೆಯವರಲ್ಲಿ ಅಲ್ಲಿ ಇದ್ದವಳು ನಾನೊಬ್ಬಳೇ. "ಸುಣ್ಣ ಬಳಿಯೋಳು ನೀನು. ಕಾನ್ವೆಂಟಲ್ಲಿ ಓದ್ದೋಳು, ಸುಳ್ಳು ಹೇಳಲ್ಲ. ನೀನೇ ಹೇಳು ಕೂಸೇ. ಕಂಬ ಎಲ್ಲಾ ಯಾವ ಮರ?"

ನಮ್ಮ ಶಾಲೆಯಲ್ಲಿ ಸುಳ್ಳು ಹೇಳಿದವರು ಹೊಲಿಗೆಯ ತರಗತಿಯಲ್ಲಿ ನಿಂತುಕೊಂಡೇ ಹೊಲಿಯಬೇಕಿತ್ತು. ನಾನು ಒಮ್ಮೆಯೂ ನಿಂತವಳಲ್ಲ. ಅತ್ತೆ ನನ್ನ ಕಡೆ ನೋಡಲೂ ಇಲ್ಲ, ಬೇಡಿಕೊಳ್ಳುವ ಜಾತಿಯವರೇ ಅಲ್ಲ ಅವರು. ಹಸುವಿನ ಕೊಂಬಿನ ಬುಡವನ್ನು ಆ ದಪ್ಪ ಉಗುರಿನಿಂದ ಕೆರೆಯುತ್ತ ನಿಂತಿದ್ದರು. ನನಗೆ ಮಂಚದ ಹಲಗೆಯ ಹಿಂದೆ ನಿಂತಿದ್ದ ಬೆರಳು ನೆನಪಾಯಿತು.

"ಬೇವು ಬಾವ," ಎಂದೆ. "ಎಲ್ಲಾ ಬೇವೇ."

ವ್ಯಾಪಾರಿ ಉಳಿಯನ್ನು ಚೀಲಕ್ಕೆ ಹಾಕಿಕೊಂಡ. ಬಾವ ಅವನ ಹಿಂದೆ ರಸ್ತೆಯವರೆಗೂ ಮಾತಾಡುತ್ತ ಹೋದರು. ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದಾಗ ಹಿಂದಿನಿಂದ ಅತ್ತೆಯ ದನಿ ಬಂತು. "ಏನ್ ಕುಂತಿದ್ದೀಯ, ಓಗು, ಉಲ್ಲು ಎಳ್ಕೊ ಬಾ." ಅಟ್ಟದ ಮೇಲೆ ಕಂಬಳಿಯ ಪಕ್ಕ ಒಂದು ಬಟ್ಟಲು ಗಿಣ್ಣು ಇತ್ತು.

ಅಂದು ಆಡಿದ ಮಾತಿಗೆ ನನಗೆ ಪಶ್ಚಾತ್ತಾಪವಿಲ್ಲ. ಮೆಲ್ಲಗೆ ಮಾತಾಡುವವರೆಲ್ಲ ಹೂಂ ಅನ್ನಲಿಕ್ಕೇ ಹುಟ್ಟಿದವರು ಎಂದು ಈ ಮನೆಯಲ್ಲಿ ಒಂದು ನಂಬಿಕೆಯಿತ್ತು. ನಾನೂ ನಂಬಿದ್ದೆ. ಮೆಲ್ಲಗೆಯೇ ಉಹೂಂ ಅನ್ನಬಹುದು ಎಂದು ಅವತ್ತು ಗೊತ್ತಾಯಿತು. ಬಾವ ಇದನ್ನು ಓದಿದರೆ ಓದಲಿ. ಈಗ ಹಾಲು ಕರೆಯುವವಳು ನಾನು. ಕೊಟ್ಟಿಗೆಗೆ ಕೈ ಹಚ್ಚುವ ಮೊದಲು ನನ್ನನ್ನು ದಾಟಿ ಬರಬೇಕು.

ಅತ್ತೆ ಹೋದದ್ದು ಸಂಕ್ರಾಂತಿಯ ಹಿಂದಿನ ವಾರ. ಬೆಳಿಗ್ಗೆ ಸುಣ್ಣ ಬಳಿದು ಬಂದು, ಎದೆ ಹಿಡಿದಂತಾಗುತ್ತೆ ಎಂದು ನನ್ನ ಸಿಲ್ವರ್ ಮಂಚದ ಮೇಲೆ ಮಲಗಿದವರು ಏಳಲಿಲ್ಲ. ಮೈ ತೊಳೆಸುವಾಗ ಆ ಉಗುರಿನ ಸಂದಿಯಲ್ಲಿ ಸುಣ್ಣ ಕೂತಿತ್ತು. ತೆಗೆಯಲು ಬಂದ ಹೆಂಗಸಿಗೆ, ಇರಲಿ ಬಿಡಿ ಎಂದೆ.

ಮೊನ್ನೆ ರಸ್ತೆಯಲ್ಲಿ ಕಾರು ನಿಲ್ಲಿಸಿ ಒಬ್ಬರು ಒಳಗೆ ಬಂದರು. ರೆಸಾರ್ಟ್ ಕಟ್ಟಿಸುತ್ತಿದ್ದಾರಂತೆ, ಹಳೆಯ ಕಂಬಗಳು ಬೇಕಂತೆ. ಕತ್ತೆತ್ತಿ ಕೊಟ್ಟಿಗೆಯನ್ನೆಲ್ಲ ನೋಡಿ, "ಇವೆಲ್ಲ ತೇಗ ತಾನೇ ಮೇಡಂ?" ಎಂದರು.

ಒಳಗಿನ ಹಸು ಒದೆಯುತ್ತದೆ ಎಂದು ಎಚ್ಚರಿಸಿ, ಬಾಗಿಲ ಪಕ್ಕದ ಕಂಬದ ಹತ್ತಿರ ಕರೆದುಕೊಂಡು ಹೋದೆ.

"ಬೇವು," ಎಂದೆ. "ಬೇಕಾದರೆ ಅಗಿದು ನೋಡಿ."